ಸಣ್ಣ ಪದ ಕೈಕೊಟ್ಟಾಗ



'ನನಗೆ ಇಂಗ್ಲಿಷ್ ಬರುವುದಿಲ್ಲ' ಎಂದು ನೀವು ಎಷ್ಟು ಸಲ ಹೇಳಿದ್ದೀರಿ? ನಿಜ ಹೇಳಬೇಕೆಂದರೆ, ನೀವು ಅಂದುಕೊಂಡದ್ದಕ್ಕಿಂತ ಹೆಚ್ಚೇ ನಿಮಗೆ ಬರುತ್ತದೆ. ಗಿವ್ ಎಂದರೆ ಕೊಡು, ಟೇಕ್ ಎಂದರೆ ತೆಗೆದುಕೋ, ಲುಕ್ ಎಂದರೆ ನೋಡು, ಪುಟ್ ಎಂದರೆ ಇಡು. ಇಷ್ಟು ತಿಳಿಯದ ಮನೆ ಇಂದು ನಮ್ಮಲ್ಲಿ ವಿರಳ. ಅಪ್, ಡೌನ್, ಇನ್, ಔಟ್, ಆನ್, ಆಫ್ ಇವೂ ಗೊತ್ತು. ಫ್ಯಾನಿನ ಸ್ವಿಚ್ಚಿನ ಮೇಲೆಯೇ ಬರೆದಿರುತ್ತದೆಯಲ್ಲ! ಆದರೂ ಮಗುವಿನ ಶಾಲೆಯಿಂದ ಒಂದು ಚೀಟಿ ಬಂದರೆ, ಆಸ್ಪತ್ರೆಯಲ್ಲಿ ಯಾರಾದರೂ ಇಂಗ್ಲಿಷಿನಲ್ಲಿ ಮಾತಾಡಿಸಿದರೆ ಗಂಟಲು ಒಣಗುತ್ತದೆ. ಗೊತ್ತಿರುವ ಪದಗಳೇ ಕಿವಿಗೆ ಬೀಳುತ್ತವೆ, ಅರ್ಥ ಮಾತ್ರ ಆಗುವುದಿಲ್ಲ. ಏಕೆ ಹೀಗೆ?

ಈ ಪ್ರಶ್ನೆ ನನ್ನನ್ನು ಗಂಭೀರವಾಗಿ ಕಾಡಿದ್ದು ಕೆಲವು ವರ್ಷಗಳ ಹಿಂದೆ, ನನ್ನ ತಂಗಿಯ ಒಂದು ಫೋನ್ ಕರೆಯಿಂದ. ಅವಳು ಮದುವೆಯಾಗಿ ಕೊಲ್ಲಿಯ ಒಂದು ನಗರಕ್ಕೆ ಹೋದವಳು. ಪಿಯುಸಿಯಲ್ಲಿ ಇಂಗ್ಲಿಷಿಗೆ ಒಳ್ಳೆಯ ಅಂಕ ಪಡೆದವಳು. ಎರಡು ವರ್ಷದ ಮಗನಿಗೆ ವಾಂತಿ ಭೇದಿ ಶುರುವಾಯಿತು. ಭಾವ ಕೆಲಸದ ಮೇಲೆ ದೂರದಲ್ಲಿದ್ದರು. ಅವಳೊಬ್ಬಳೇ ಮಗುವನ್ನೆತ್ತಿಕೊಂಡು ಆಸ್ಪತ್ರೆಗೆ ಹೋದಳು. ಅಲ್ಲಿದ್ದ ನರ್ಸ್ ಫಿಲಿಪ್ಪೀನ್ಸ್‌ನವರು. ಹಿಂದಿ, ಉರ್ದು ಏನೂ ನಡೆಯುವಂತಿರಲಿಲ್ಲ. ಆಕೆ ಕೇಳಿದ್ದು ಒಂದೇ ಪ್ರಶ್ನೆ: 'ಈಸ್ ಹಿ ಕೀಪಿಂಗ್ ಎನಿಥಿಂಗ್ ಡೌನ್?'

ಕೀಪ್ ಎಂದರೆ ಇಡು, ಡೌನ್ ಎಂದರೆ ಕೆಳಗೆ. ಮಗುವನ್ನು ಕೆಳಗೆ ಇಡಬೇಕೇನೋ ಎಂದುಕೊಂಡ ತಂಗಿ 'ಯೆಸ್, ಯೆಸ್' ಎನ್ನುತ್ತಾ ಅವನನ್ನು ಮಂಚದ ಮೇಲೆ ಮಲಗಿಸಿದಳು. ನರ್ಸ್ ಕೇಳಿದ್ದಾದರೋ, ಮಗುವಿಗೆ ಕುಡಿಸಿದ್ದು ಹೊಟ್ಟೆಯಲ್ಲಿ ನಿಲ್ಲುತ್ತಿದೆಯೇ, ಇಲ್ಲ ಎಲ್ಲವೂ ಹೊರಗೆ ಬರುತ್ತಿದೆಯೇ ಎಂದು. 'ಯೆಸ್' ಎಂದ ಮೇಲೆ ಇನ್ನೇನು? ಕುಡಿದದ್ದು ನಿಲ್ಲುತ್ತಿದೆ ಎಂದು ಬರೆದುಕೊಂಡರು. ಓಆರ್‌ಎಸ್ ಪೊಟ್ಟಣಗಳನ್ನು ಕೊಟ್ಟು ಮನೆಗೆ ಕಳುಹಿಸಿದರು. ರಾತ್ರಿಯಿಡೀ ಮಗು ಒಂದು ಚಮಚ ನೀರನ್ನೂ ದಕ್ಕಿಸಿಕೊಳ್ಳಲಿಲ್ಲ. ಬೆಳಗಾಗುವಷ್ಟರಲ್ಲಿ ತುಟಿ ಒಣಗಿ ಕಣ್ಣು ಒಳಗೆ ಹೋಗಿತ್ತು. ಮತ್ತೆ ಓಡಿದರು, ಡ್ರಿಪ್ ಹಾಕಿದರು. ಅಲ್‌ಹಮ್ದುಲಿಲ್ಲಾಹ್, ಮಗು ಉಳಿಯಿತು. ಈಗ ಅವನು ಶಾಲೆಗೆ ಹೋಗುತ್ತಿದ್ದಾನೆ.

'ಆಪಾ, ಕೀಪ್ ನನಗೆ ಗೊತ್ತಿತ್ತು, ಡೌನ್ ನನಗೆ ಗೊತ್ತಿತ್ತು' ಎಂದು ಅವಳು ಫೋನಿನಲ್ಲಿ ಅತ್ತಳು. ಎರಡೂ ಗೊತ್ತಿದ್ದು, ಎರಡೂ ಸೇರಿದಾಗ ಗೊತ್ತಾಗದೇ ಹೋಯಿತು. ಅವಳಿಗೆ ಹಾಗೆ ಸೇರಿಸಿ ಯಾರೂ ಕಲಿಸಿರಲಿಲ್ಲ. ನಾನೂ ಕಲಿಸಿರಲಿಲ್ಲ.

ಜತೆಗಾರ ಬದಲಾದರೆ ಅರ್ಥವೂ ಬದಲು

ಇಂಗ್ಲಿಷಿನಲ್ಲಿ ಸಾಮಾನ್ಯ ಕ್ರಿಯಾಪದದ ಬೆನ್ನಿಗೆ ಒಂದು ಸಣ್ಣ ಪದ ಸೇರಿಕೊಂಡರೆ ಎರಡೂ ಕೂಡಿ ಮೂರನೆಯದೇ ಅರ್ಥ ಹುಟ್ಟುತ್ತದೆ. ಗಿವ್ ಎಂದರೆ ಕೊಡು, 'ಗಿವ್ ಅಪ್' ಎಂದರೆ ಬಿಟ್ಟುಬಿಡು. ಲುಕ್ ಎಂದರೆ ನೋಡು. 'ಲುಕ್ ಆಫ್ಟರ್' ನೋಡಿಕೊಳ್ಳು, 'ಲುಕ್ ಫಾರ್' ಹುಡುಕು, 'ಲುಕ್ ಇನ್‌ಟು' ವಿಚಾರಣೆ ಮಾಡು, 'ಲುಕ್ ಡೌನ್ ಆನ್' ಕೀಳಾಗಿ ಕಾಣು, 'ಲುಕ್ ಅಪ್ ಟು' ಗೌರವದಿಂದ ಕಾಣು. ಇಂಥ ಜೋಡಿಗಳಿಗೆ ಫ್ರೇಸಲ್ ವರ್ಬ್ ಎಂದು ಹೆಸರು. ಈ ಹೆಸರನ್ನು ಬಳಕೆಗೆ ತಂದವರು ಲೋಗನ್ ಪಿಯರ್ಸಾಲ್ ಸ್ಮಿತ್ ಎಂಬ ಲೇಖಕರು, 1925ರ ತಮ್ಮ ಪುಸ್ತಕದಲ್ಲಿ. ಹೆಸರನ್ನು ಸೂಚಿಸಿದವರು ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕರಲ್ಲೊಬ್ಬರಾದ ಹೆನ್ರಿ ಬ್ರ್ಯಾಡ್ಲಿ ಎಂದು ಅವರೇ ಹೇಳಿಕೊಂಡಿದ್ದಾರೆ. ಆದರೆ ತೊಂದರೆ ಹೆಸರಿಗಿಂತ ಬಹಳ ಹಳೆಯದು. 1755ರಲ್ಲಿ ತನ್ನ ಪ್ರಸಿದ್ಧ ನಿಘಂಟನ್ನು ಹೊರತಂದ ಸ್ಯಾಮ್ಯುಯೆಲ್ ಜಾನ್ಸನ್ ಅದರ ಮುನ್ನುಡಿಯಲ್ಲೇ, ಹೊರಗಿನವರಿಗೆ ಇಂಗ್ಲಿಷಿನಲ್ಲಿ ಅತ್ಯಂತ ಕಷ್ಟವಾಗುವುದು ಈ ಜೋಡಿಗಳೇ ಎಂದು ಒಪ್ಪಿಕೊಂಡಿದ್ದ. ಎಂದ ಮೇಲೆ, ಸಹೋದರಿಯರೇ, ನಿಮಗೂ ನನಗೂ ಕಷ್ಟವಾದರೆ ಅದರಲ್ಲಿ ನಾಚಿಕೆ ಪಡುವಂಥದ್ದೇನಿದೆ?

ನಮ್ಮ ಶಾಲೆಗಳು ಇದನ್ನು ಏಕೆ ಸರಿಯಾಗಿ ಕಲಿಸಲಿಲ್ಲ? ನಾನು ಕಲಿಯುವಾಗ ಕನ್ನಡ ಮಾಧ್ಯಮದ ಸರಕಾರಿ ಶಾಲೆಯಲ್ಲಿ ಇಂಗ್ಲಿಷ್ ಶುರುವಾಗುತ್ತಿದ್ದುದು ಐದನೇ ತರಗತಿಯಲ್ಲಿ. ಒಂದನೇ ತರಗತಿಯಿಂದ ಇಂಗ್ಲಿಷ್ ಬಂದದ್ದು 2007ರ ನಂತರ. ಇರುವ ಸ್ವಲ್ಪ ಸಮಯದಲ್ಲಿ ಮೇಷ್ಟ್ರು ಕಲಿಸಿದ್ದು ಪುಸ್ತಕದ ಪದಗಳನ್ನು. ಬೆಂಕಿ ಆರಿಸುವುದಕ್ಕೆ 'ಎಕ್ಸ್‌ಟಿಂಗ್ವಿಶ್', ಮುಂದೂಡುವುದಕ್ಕೆ 'ಪೋಸ್ಟ್‌ಪೋನ್', ಸಹಿಸುವುದಕ್ಕೆ 'ಟಾಲರೇಟ್'. ಇವೆಲ್ಲ ಲ್ಯಾಟಿನ್ ಮೂಲದ ದೊಡ್ಡ ಪದಗಳು. 1066ರಲ್ಲಿ ಫ್ರಾನ್ಸಿನ ಕಡೆಯಿಂದ ಬಂದ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅರಮನೆಯ ಭಾಷೆ ಫ್ರೆಂಚ್ ಆಯಿತು, ವಿದ್ವಾಂಸರ ಭಾಷೆ ಲ್ಯಾಟಿನ್ ಆಗಿಯೇ ಇತ್ತು. ಮುಂದಿನ ಶತಮಾನಗಳಲ್ಲಿ ಅವೆರಡರಿಂದ ಇಂಗ್ಲಿಷಿಗೆ ಪದಗಳು ರಾಶಿರಾಶಿಯಾಗಿ ಬಂದವು. ಹೊಲದಲ್ಲಿ, ಅಡುಗೆಮನೆಯಲ್ಲಿ ದುಡಿಯುವವರು ಮಾತ್ರ ತಮ್ಮ ಸಣ್ಣ ಪದಗಳನ್ನೇ ಕೂಡಿಸಿ ಮಾತಾಡಿದರು. ಈಗಲೂ ಕಚೇರಿಯ ಪತ್ರದಲ್ಲಿ 'ಪೋಸ್ಟ್‌ಪೋನ್' ಕಾಣಿಸಿದರೆ ಮನೆಮಾತಿನಲ್ಲಿ 'ಪುಟ್ ಆಫ್' ಕೇಳುತ್ತದೆ. ಬೆಂಕಿಗೆ 'ಪುಟ್ ಔಟ್', ಸಹಿಸುವುದಕ್ಕೆ 'ಪುಟ್ ಅಪ್ ವಿತ್'. ಎಲ್ಲಕ್ಕೂ ಅದೇ ಬಡಪಾಯಿ 'ಪುಟ್'! ನಾವು ಕಷ್ಟದ ಪದಗಳನ್ನು ಬಾಯಿಪಾಠ ಮಾಡಿದೆವು, ಸುಲಭದ ಪದಗಳಲ್ಲಿ ಎಡವಿದೆವು.

ನಮ್ಮ ಮನೆಯಲ್ಲೇ ಇರುವ ಪಾಠ

ಇದೇನೋ ಇಂಗ್ಲಿಷಿನವರ ವಿಚಿತ್ರ ಎಂದು ನಗಬೇಡಿ. ಕನ್ನಡ ಕಲಿಯುತ್ತಿರುವ ಹೊರನಾಡಿನವರೊಬ್ಬರಿಗೆ 'ಕೈ' ಗೊತ್ತು, 'ಕೊಡು' ಗೊತ್ತು ಎಂದಿಟ್ಟುಕೊಳ್ಳಿ. 'ಅವನು ನನಗೆ ಕೈಕೊಟ್ಟ' ಎಂದು ನೀವು ಹೇಳಿದರೆ, ಪಾಪ, ಯಾರೋ ಕೈ ಕೊಟ್ಟು ಎಬ್ಬಿಸಿದರೆಂದೇ ಆತ ತಿಳಿಯುತ್ತಾನೆ. ಕೈಬಿಡು, ಕೈಹಿಡಿ, ಕೈಹಾಕು, ಕೈಮಾಡು ಎಂದು ಮುಂದುವರಿಸಿದರೆ ಅವನ ಗತಿ ಏನು? 'ನೋಡು' ಎಂಬುದಕ್ಕೆ 'ಕೊಳ್ಳು' ಸೇರಿಸಿದರೆ 'ಮಗುವನ್ನು ನೋಡಿಕೋ' ಎಂಬ ಪ್ರೀತಿಯ ಮಾತೂ ಆಗುತ್ತದೆ, 'ನಿನ್ನನ್ನು ನೋಡಿಕೊಳ್ತೀನಿ' ಎಂಬ ಬೆದರಿಕೆಯೂ ಆಗುತ್ತದೆ. ಉರ್ದು ಮಾತಾಡುವ ಮನೆಗಳಲ್ಲಿ 'ಖಾ ಲೇನಾ', 'ಖಾ ಜಾನಾ' ಎರಡರ ನಡುವಿನ ವ್ಯತ್ಯಾಸವನ್ನು ನಾಲ್ಕು ವರ್ಷದ ಮಗುವೂ ಬಲ್ಲದು.

ಮದ್ರಸದಲ್ಲಿ ಕಲಿತ ನನಗೆ ಇನ್ನೊಂದು ದಾರಿಯೂ ಕಂಡಿತು. ಅರಬಿ ವ್ಯಾಕರಣದ ಮೊದಲ ಪಾಠದಲ್ಲೇ ಪದಗಳನ್ನು ಮೂರು ವಿಧ ಮಾಡುತ್ತಾರೆ: ಇಸ್ಮ್, ಫಿಅಲ್, ಹರ್ಫ್. ಹರ್ಫ್ ಎಂದರೆ ತಾನೊಂದೇ ನಿಂತರೆ ಅರ್ಥ ಪೂರ್ಣವಾಗದ ಸಣ್ಣ ಪದ. ಆದರೆ ಅದರ ಶಕ್ತಿ ನೋಡಿ! 'ರಗಿಬ' ಎಂಬ ಕ್ರಿಯಾಪದದ ಜತೆ 'ಫೀ' ಬಂದರೆ ಬಯಸಿದ ಎಂದರ್ಥ. ಅದೇ ಪದದ ಜತೆ 'ಅನ್' ಬಂದರೆ ಬೇಡವೆಂದು ವಿಮುಖನಾದ ಎಂದರ್ಥ. ಪೂರ್ತಿ ತಲೆಕೆಳಗು! 'ದಆ ಲಹೂ' ಎಂದರೆ ಅವನಿಗಾಗಿ ದುಆ ಮಾಡಿದ, 'ದಆ ಅಲೈಹಿ' ಎಂದರೆ ಅವನ ವಿರುದ್ಧ ದುಆ ಮಾಡಿದ, ಶಪಿಸಿದ. 'ನಝರ ಇಲಾ' ಕಣ್ಣಿನಿಂದ ನೋಡುವುದು, 'ನಝರ ಫೀ' ವಿಷಯದೊಳಗೆ ಇಳಿದು ಪರಿಶೀಲಿಸುವುದು. ಇಂಗ್ಲಿಷಿನ 'ಲುಕ್ ಅಟ್', 'ಲುಕ್ ಇನ್‌ಟು' ಇದಕ್ಕೆ ಎಷ್ಟು ಹತ್ತಿರ!

ಸೂರಃ ಅನ್ನಿಸಾದ 127ನೇ ವಚನದಲ್ಲಿ ಅನಾಥ ಹೆಣ್ಣುಮಕ್ಕಳ ಪ್ರಸ್ತಾಪ ಬರುವಲ್ಲಿ ಈ 'ರಗಿಬ'ದ ರೂಪವೇ ಇದೆ, ಆದರೆ ಅಲ್ಲಿ 'ಫೀ'ಯೂ ಇಲ್ಲ, 'ಅನ್' ಕೂಡ ಇಲ್ಲ. ಹಾಗಾಗಿ ಅವರನ್ನು ಮದುವೆಯಾಗಲು ಬಯಸುವುದು, ಮದುವೆಯಾಗಲು ಒಲ್ಲೆನೆನ್ನುವುದು, ಈ ಎರಡೂ ಅರ್ಥಗಳನ್ನು ಮುಫಸ್ಸಿರರು ಚರ್ಚಿಸಿದ್ದಾರೆ. ಒಂದು ಸಣ್ಣ ಹರ್ಫಿನ ತೂಕ ಎಷ್ಟೆಂದು ನಮ್ಮ ಹಿರಿಯರಿಗೆ ಗೊತ್ತಿತ್ತು. 1360ರಲ್ಲಿ ತೀರಿಕೊಂಡ ಈಜಿಪ್ಟಿನ ವ್ಯಾಕರಣ ಪಂಡಿತ ಇಬ್ನು ಹಿಶಾಮ್ ತಮ್ಮ 'ಮುಗ್ನಿ ಅಲ್ ಲಬೀಬ್' ಗ್ರಂಥದ ಬಹುದೊಡ್ಡ ಭಾಗವನ್ನು ಇಂಥ ಸಣ್ಣ ಪದಗಳಿಗೇ ಮೀಸಲಿಟ್ಟಿದ್ದಾರೆ. ನಮ್ಮ ಉಸ್ತಾದರು 'ರಗಿಬ' ಎಂದು ಒಂದೇ ಬರೆದ ಪಟ್ಟಿಯನ್ನು ಒಪ್ಪುತ್ತಿರಲಿಲ್ಲ. 'ಯಾವ ಹರ್ಫಿನ ಜತೆ? ಅದನ್ನೂ ಬರಿ' ಎಂದು ಪುಸ್ತಕ ಹಿಂದಕ್ಕೆ ತಳ್ಳುತ್ತಿದ್ದರು. ಆ ಶಿಸ್ತನ್ನು ನಾನು ಇಂಗ್ಲಿಷಿಗೆ ಅನ್ವಯಿಸಿಕೊಂಡದ್ದು ಮಾತ್ರ ಬಹಳ ತಡವಾಗಿ, ಬಿ.ಎ. ಮುಗಿದ ಮೇಲೆ.

ಆಸ್ಪತ್ರೆಯಲ್ಲಿ, ಅಡುಗೆಮನೆಯಲ್ಲಿ

ಎಲ್ಲ ಜೋಡಿಗಳನ್ನೂ ಕಲಿಯಲು ಹೊರಟರೆ ಆಯುಷ್ಯ ಸಾಲದು. ಇವುಗಳಿಗೆಂದೇ ದಪ್ಪ ದಪ್ಪ ಶಬ್ದಕೋಶಗಳಿವೆ. ಲಾಂಗ್‌ಮನ್‌ನವರದು 1983ರಲ್ಲಿ, ಕಾಲಿನ್ಸ್ ಕೋಬಿಲ್ಡ್‌ನದು 1989ರಲ್ಲಿ ಬಂತು. ಹೆಣ್ಣುಮಕ್ಕಳು ಮೊದಲು ಆಸ್ಪತ್ರೆಯವನ್ನು ಕಲಿಯಲಿ ಎಂಬುದು ನನ್ನ ಹಟ. ತಂಗಿಯ ಅನುಭವವಾದ ಮೇಲೆ ಹಟವೇ ಸರಿ.

'ಥ್ರೋ ಅಪ್' ಎಂದರೆ ವಾಂತಿ ಮಾಡುವುದು. 'ಬ್ರಿಂಗ್ ಅಪ್' ಎಂದರೂ ವಾಂತಿಯೇ, ಆದರೆ ಬೇರೆ ಸಂದರ್ಭದಲ್ಲಿ ಮಕ್ಕಳನ್ನು ಸಾಕಿ ಬೆಳೆಸುವುದು. 'ಪಾಸ್ ಔಟ್' ಎಂದರೆ ಪ್ರಜ್ಞೆ ತಪ್ಪುವುದು. ನಮ್ಮ ದೇಶದಲ್ಲಿ ಕಾಲೇಜು ಮುಗಿಸುವುದಕ್ಕೂ 'ಪಾಸ್ ಔಟ್' ಎನ್ನುತ್ತೇವೆ, ನನಗದು ತಪ್ಪೆಂದು ತೋರುವುದಿಲ್ಲ, ಇಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ. ಆದರೆ ಹೊರದೇಶದ ವೈದ್ಯರ ಮುಂದೆ 'ಮಗಳು ಕಳೆದ ವರ್ಷ ಪಾಸ್ ಔಟ್ ಆದಳು' ಎಂದರೆ ಅವರು ಬಿಪಿ ನೋಡಲು ಎದ್ದಾರು! ಶಸ್ತ್ರಚಿಕಿತ್ಸೆಯ ಮತ್ತು ಇಳಿಯುವುದಕ್ಕೆ 'ವೇರ್ ಆಫ್'. ಗಾಯವೋ ಕೆಮ್ಮೋ ವಾಸಿಯಾಗುವುದಕ್ಕೆ 'ಕ್ಲಿಯರ್ ಅಪ್'.

ಇವುಗಳಲ್ಲಿ ಎರಡನ್ನು ಕೆಂಪು ಶಾಯಿಯಲ್ಲಿ ಬರೆದಿಟ್ಟುಕೊಳ್ಳಿ. ಒಂದು 'ಕಟ್ ಡೌನ್ ಆನ್', ಇನ್ನೊಂದು 'ಕಟ್ ಔಟ್'. ಉಪ್ಪನ್ನು 'ಕಟ್ ಡೌನ್' ಮಾಡಿ ಎಂದರೆ ಕಡಿಮೆ ಮಾಡಿ ಎಂದರ್ಥ. 'ಕಟ್ ಔಟ್' ಎಂದರೆ ಪೂರ್ತಿ ಬಿಡಿ. ಮನೆಯಲ್ಲಿ ಬಿಪಿ, ಶುಗರ್ ಇರುವ ಅತ್ತೆ ಮಾವಂದಿರಿಗೆ ಅಡುಗೆ ಮಾಡುವವರು ನೀವು. ಹಾಗೆಯೇ ಮಾತ್ರೆಯ ವಿಷಯದಲ್ಲಿ 'ಕಮ್ ಆಫ್' ಎಂದರೆ ಆ ಮಾತ್ರೆ ನಿಲ್ಲಿಸುವುದು. ಸಂಶಯ ಬಂದರೆ 'ಯೆಸ್' ಎನ್ನುವ ಬದಲು 'ಪ್ಲೀಸ್ ಸೇ ಇಟ್ ಅನದರ್ ವೇ' ಎಂದು ಕೇಳಿ. ಬೇರೆ ರೀತಿಯಲ್ಲಿ ಹೇಳಿ ಎಂದು ಕೇಳಿದರೆ ಯಾವ ನರ್ಸೂ ಗದರಿಸುವುದಿಲ್ಲ. ಗದರಿಸಿದರೂ ಚಿಂತೆಯಿಲ್ಲ, ಕೇಳಿ.

ಇನ್ನು ಮನೆಯೊಳಗೆ ಬನ್ನಿ. ಹಾಲು ಉಕ್ಕುವುದು 'ಬಾಯ್ಲ್ ಓವರ್', ಕುದಿಸಿ ಬತ್ತಿಸುವುದು 'ಬಾಯ್ಲ್ ಡೌನ್'. ಸಕ್ಕರೆ ಮುಗಿದಿದ್ದರೆ 'ವಿ ಹ್ಯಾವ್ ರನ್ ಔಟ್ ಆಫ್ ಶುಗರ್'. ಓಡಿಹೋದದ್ದು ಸಕ್ಕರೆಯಲ್ಲವೇ, 'ವಿ' ಏಕೆ ಎಂದು ನನ್ನ ವಿದ್ಯಾರ್ಥಿನಿಯೊಬ್ಬಳು ಕೇಳಿದಳು. 'ದ ಶುಗರ್ ಹ್ಯಾಸ್ ರನ್ ಔಟ್' ಎಂದೂ ಹೇಳಬಹುದು ಎಂದೆ. ಅವಳಿಗೆ ಸಮಾಧಾನವಾಯಿತು. ಎಲ್ಲಕ್ಕಿಂತ ಮೋಸಗಾರ ಜೋಡಿ 'ಗೋ ಆಫ್'. ದೀಪ 'ಗೋ ಆಫ್' ಆದರೆ ಆರಿತು. ಹಾಲು 'ಗೋ ಆಫ್' ಆದರೆ ಕೆಟ್ಟಿತು. ಆದರೆ ಅಲಾರಾಂ 'ಗೋ ಆಫ್' ಆದರೆ ನಿಂತಿತು ಎಂದರ್ಥವಲ್ಲ, ಬಡಿಯಿತು ಎಂದರ್ಥ! ರಮಝಾನಿನಲ್ಲಿ ಸಹರಿಗೆ ಏಳಲಾಗದ ಗೆಳತಿ 'ಮೈ ಅಲಾರಾಂ ಡಿಡ್ ನಾಟ್ ಗೋ ಆಫ್' ಎಂದರೆ, ಅಲಾರಾಂ ಹೊಡೆಯಲೇ ಇಲ್ಲ ಎಂದು ತಿಳಿಯಬೇಕು.

ಎಲ್ಲವೂ ಹೀಗೆ ಅಡ್ಡಾದಿಡ್ಡಿ ಎಂದು ಹೆದರಬೇಡಿ. ಎಷ್ಟೋ ಕಡೆ 'ಅಪ್' ಎಂಬುದು ಕೆಲಸ ಪೂರ್ತಿಯಾಗುವುದನ್ನು ಸೂಚಿಸುತ್ತದೆ. 'ಈಟ್ ಅಪ್', 'ಡ್ರಿಂಕ್ ಅಪ್', 'ಯೂಸ್ ಅಪ್', 'ಕ್ಲೀನ್ ಅಪ್'. ನಮ್ಮ 'ತಿಂದುಬಿಡು, ಕುಡಿದುಬಿಡು' ಎಂಬುದರಲ್ಲಿನ 'ಬಿಡು' ಮಾಡುವ ಕೆಲಸವೂ ಬಹುಮಟ್ಟಿಗೆ ಇದೇ. 'ಆಫ್' ಹಲವೆಡೆ ಕಡಿತವನ್ನೋ ಅಗಲಿಕೆಯನ್ನೋ ಸೂಚಿಸುತ್ತದೆ: ಬೀಳ್ಕೊಡುವುದು 'ಸೀ ಆಫ್', ರದ್ದು ಮಾಡುವುದು 'ಕಾಲ್ ಆಫ್'. ಶಾಲೆಯ ಚೀಟಿಯಲ್ಲಿ ಸಭೆ 'ಪುಟ್ ಆಫ್' ಎಂದಿದ್ದರೆ ಮುಂದಕ್ಕೆ ಹೋಗಿದೆ, 'ಕಾಲ್ಡ್ ಆಫ್' ಎಂದಿದ್ದರೆ ನಡೆಯುವುದೇ ಇಲ್ಲ. ಆಟೋಗೆ ದುಡ್ಡು ಕೊಟ್ಟು ಹೋಗುವ ಮೊದಲು ನೋಡಿಕೊಳ್ಳಿ.

ಎಲ್ಲಿ ಕೂರಬೇಕು, ಎಲ್ಲಿ ಬರಲೇಬಾರದು

ಬಳಸುವಾಗ ಒಂದು ನಿಯಮ ಗಮನದಲ್ಲಿರಲಿ. ಈ ಸಣ್ಣ ಪದಗಳಲ್ಲಿ ಕೆಲವು ಪ್ರಿಪೊಸಿಷನ್, ಕೆಲವು ಅಡ್ವರ್ಬ್. 'ಲುಕ್ ಆಫ್ಟರ್' ಎಂಬಲ್ಲಿ 'ಆಫ್ಟರ್' ಪ್ರಿಪೊಸಿಷನ್. ಅದು ಕ್ರಿಯಾಪದವನ್ನು ಬಿಟ್ಟು ಕದಲುವುದಿಲ್ಲ: 'ಲುಕ್ ಆಫ್ಟರ್ ಹರ್'. 'ಪುಟ್ ಔಟ್' ಎಂಬಲ್ಲಿ 'ಔಟ್' ಅಡ್ವರ್ಬ್. ಅದು ಬೆಂಕಿಯ ಹಿಂದೆಯೂ ನಿಲ್ಲಬಹುದು, ಮುಂದೆಯೂ ನಿಲ್ಲಬಹುದು. ಆದರೆ 'ಇಟ್' ಬಂದರೆ ನಡುವೆಯೇ ಕೂರಬೇಕು: 'ಪುಟ್ ಇಟ್ ಔಟ್' ಸರಿ, 'ಪುಟ್ ಔಟ್ ಇಟ್' ತಪ್ಪು. ಇದರಿಂದ ಕೇಳುವವರಿಗೆ ಒಂದು ಪರೀಕ್ಷೆ. 'ಟರ್ನ್ ದಟ್ ಓಲ್ಡ್ ಫ್ಯಾನ್...' ಎಂಬಲ್ಲಿಯವರೆಗೆ ಕೇಳಿದರೆ ಹಾಕಬೇಕೋ ಆರಿಸಬೇಕೋ ತಿಳಿಯದು. ಕೊನೆಯಲ್ಲಿ ಬರುವ 'ಆನ್' ಅಥವಾ 'ಆಫ್' ತೀರ್ಮಾನಿಸುತ್ತದೆ. ಕನ್ನಡದವರಿಗೆ ಇದು ಹೊಸದೇನಲ್ಲ, 'ನಾಳೆ ನಿಮ್ಮ ಮನೆಗೆ ಊಟಕ್ಕೆ...' ಎಂದ ಮೇಲೆ ಬರುತ್ತಾರೋ ಬರುವುದಿಲ್ಲವೋ ಎಂದು ನಾವೂ ಕೊನೆಯವರೆಗೆ ಕಾಯುತ್ತೇವೆ.

ಬೇಡದ ಕಡೆ ಜೋಡಿ ಮಾಡುವುದು ನಮ್ಮ ಇನ್ನೊಂದು ಅಭ್ಯಾಸ. ಕನ್ನಡದಲ್ಲಿ 'ಅದರ ಬಗ್ಗೆ ಚರ್ಚಿಸು' ಎನ್ನುವುದರಿಂದ 'ಡಿಸ್ಕಸ್ ಅಬೌಟ್' ಎನ್ನುತ್ತೇವೆ. 'ಡಿಸ್ಕಸ್' ಒಂಟಿಯಾಗಿಯೇ ಸಾಕು. 'ನನ್ನ ಮೇಲೆ ಕೋಪ' ಎಂಬುದು 'ಆಂಗ್ರಿ ಆನ್ ಮಿ' ಆಗುತ್ತದೆ. 'ಆಂಗ್ರಿ ವಿತ್ ಮಿ' ಎನ್ನಬೇಕು. 'ಅವರ ಜತೆ ಮದುವೆಯಾಯಿತು' ಎಂಬುದಕ್ಕೆ 'ಮ್ಯಾರೀಡ್ ವಿತ್' ಎಂದರೆ ಸರಿಯಾಗದು, ಅಲ್ಲಿ 'ಟು' ಬೇಕು. 'ಕೋಪ್ ಅಪ್ ವಿತ್' ಎನ್ನುವವರಂತೂ ಪ್ರಾಧ್ಯಾಪಕರಲ್ಲೂ ಇದ್ದಾರೆ. 'ಕೋಪ್ ವಿತ್' ಅಷ್ಟೇ, 'ಅಪ್' ಎಲ್ಲಿಂದಲೋ ಬಂದು ಸೇರಿಕೊಂಡಿದೆ. ಪತ್ರದ ಕೊನೆಯಲ್ಲಿ 'ಲುಕಿಂಗ್ ಫಾರ್ವರ್ಡ್ ಟು ಸೀ ಯು' ಎಂದು ನಾನೂ ವರ್ಷಗಟ್ಟಲೆ ಬರೆದಿದ್ದೇನೆ. 'ಟು ಸೀಯಿಂಗ್ ಯು' ಎಂದಾಗಬೇಕು, ಏಕೆಂದರೆ ಅಲ್ಲಿನ 'ಟು' ಪ್ರಿಪೊಸಿಷನ್.

ಕಲಿಯುವುದು ಹೇಗೆ ಎಂದು ಕೇಳುತ್ತೀರಿ. ಒಂದು ನೋಟ್‌ಬುಕ್ ಇಡಿ. ಅದರಲ್ಲಿ ಒಂಟಿ ಪದ ಬರೆಯಬೇಡಿ, ಕೇಳಿದ ವಾಕ್ಯವನ್ನೇ ಬರೆಯಿರಿ, ಯಾರು ಎಲ್ಲಿ ಹೇಳಿದರೆಂದೂ ಬರೆಯಿರಿ. ಶಬ್ದಕೋಶದಲ್ಲಿ ಹುಡುಕುವಾಗ 'ಪುಟ್' ಎಂಬುದರ ಮೊದಲ ಅರ್ಥ ಓದಿ ಮುಚ್ಚಬೇಡಿ. ವಿದ್ಯಾರ್ಥಿಗಳ ಶಬ್ದಕೋಶಗಳಲ್ಲಿ ಜೋಡಿಗಳು ಸಾಮಾನ್ಯವಾಗಿ ಆ ಪದದ ವಿವರಣೆಯ ಕೊನೆಯಲ್ಲಿರುತ್ತವೆ. ಮೊಬೈಲಿನ ಅನುವಾದ ಬಳಸುವವರು ಒಂದೊಂದೇ ಪದ ಹಾಕದೆ ಇಡೀ ವಾಕ್ಯ ಹಾಕಿ. ಸಂಜೆ ಮಕ್ಕಳ ಹೋಂವರ್ಕ್ ಹೊತ್ತಿಗೆ ಅವರಿಂದಲೇ ಒಂದು ಜೋಡಿ ಕೇಳಿ ಕಲಿಯಿರಿ. ಅಮ್ಮಿಗೆ ಕಲಿಸುವುದೆಂದರೆ ಮಕ್ಕಳಿಗೆ ಎಲ್ಲಿಲ್ಲದ ಹುರುಪು. ದಿನಕ್ಕೆ ಒಂದು ಸಾಕು, ವಾರದ ಕೊನೆಗೆ ಎರಡು ಮರೆತರೂ ಐದು ಉಳಿಯುತ್ತವೆ.

ತಂಗಿಯ ನೋಟ್‌ಬುಕ್ ಈಗ ಎರಡನೆಯದು. ಕಳೆದ ತಿಂಗಳು ಅವಳು ಪಕ್ಕದ ಮನೆಯ ವೃದ್ಧೆಯೊಬ್ಬರನ್ನು ಅದೇ ಆಸ್ಪತ್ರೆಗೆ ಕರೆದೊಯ್ದಿದ್ದಳಂತೆ. ಅಲ್ಲಿ ಕೇಳಿದ ಒಂದು ವಾಕ್ಯವನ್ನು ಬರೆದು ಫೋಟೋ ತೆಗೆದು ನನಗೆ ಕಳುಹಿಸಿದಳು: 'ಶಿ ವಿಲ್ ಕಮ್ ರೌಂಡ್ ಸೂನ್'. ಕೆಳಗೆ ಅವಳದೇ ಪ್ರಶ್ನೆ: 'ಆಪಾ, ಇದರ ಅರ್ಥ ಹೇಳು ನೋಡೋಣ. ನಾನು ನರ್ಸ್ ಹತ್ತಿರ ಕೇಳಿ ತಿಳಿದುಕೊಂಡೆ.' ಸುತ್ತು ಹಾಕಿ ಬರುತ್ತಾರೆ ಎಂದು ಬರೆಯಲು ಹೊರಟವಳು ತಡೆದು, ಕಪಾಟಿನಿಂದ ಶಬ್ದಕೋಶ ತೆಗೆದು ನೋಡಿದೆ. ಬೇಗ ಪ್ರಜ್ಞೆ ಬರುತ್ತದೆ ಎಂದಿತ್ತು.